ಬ್ಲೀಚ್ ಸುರಿದು ಚೆಲ್ಲುವ ಉತ್ತರ

ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಹಾಕಿಸಿಕೊಂಡು ಮನೆಗೆ ಹೊರಟವರಿಗೆ ನರ್ಸ್ ಹೇಳಿ ಕಳಿಸುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ಔಷಧಿಯನ್ನು ಎರಡು ಗಂಟೆ ಒಳಗೇ ತಡೆದುಕೊಳ್ಳಿ, ಆಮೇಲೆ ಕೂತೇ ಮೂತ್ರ ಮಾಡಿ, ಮುಂದಿನ ಆರು ಗಂಟೆ ಪ್ರತಿ ಸಲವೂ ಕಮೋಡಿಗೆ ಬ್ಲೀಚ್ ಸುರಿದು, ಕಾಲು ಗಂಟೆ ಬಿಟ್ಟು ಫ್ಲಶ್ ಮಾಡಿ. ಬಿಸಿಜಿ ಎಂದರೆ ಜೀವಂತ ಬ್ಯಾಕ್ಟೀರಿಯಾ. ಮನೆಮಂದಿಗೆ ತಗಲಬಾರದು ಎಂಬ ಎಚ್ಚರಿಕೆ. ಎಚ್ಚರಿಕೆಯೇನೋ ಸರಿ. ಆದರೆ ಈ ಚಿಕಿತ್ಸೆ ಈ ರೋಗಿಯ ಮೈಗೆ ಹಿಡಿಯುತ್ತಿದೆಯೋ ಇಲ್ಲವೋ ಎಂಬುದರ ಸುಳಿವು ಹೆಚ್ಚಾಗಿ ಇರುವುದು ಆ ಕೆಲವು ಗಂಟೆಗಳ ಮೂತ್ರದಲ್ಲೇ.

ಬಿಸಿಜಿ ನಮಗೆ ಹೊಸದಲ್ಲ, ನಮ್ಮಲ್ಲಿ ಬಹುಪಾಲು ಜನರ ತೋಳಿನ ಮೇಲೆ ಅದರ ಕಲೆಯಿದೆ. ಕ್ಷಯದ ಆ ಲಸಿಕೆಯನ್ನು ಕ್ಯಾಥೆಟರ್ ಮೂಲಕ ಮೂತ್ರಕೋಶದೊಳಕ್ಕೆ ಬಿಟ್ಟು ನೋಡಿದವರು ಕೆನಡಾದ ಕಿಂಗ್‌ಸ್ಟನ್ನಿನ ಅಲ್ವಾರೋ ಮೊರಾಲೆಸ್. 1976ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಇದ್ದದ್ದು ಒಂಬತ್ತೇ ರೋಗಿಗಳು. ವಾರಕ್ಕೊಂದರಂತೆ ಆರು ವಾರ. ಆರೇ ಏಕೆ? ಲಸಿಕೆ ಬರುತ್ತಿದ್ದದ್ದು ಆರು ಬಾಟಲಿಯ ಪೆಟ್ಟಿಗೆಯಲ್ಲಿ, ಅದಕ್ಕೇ ಎಂದು ಯೂರಾಲಜಿಸ್ಟರು ಈಗಲೂ ನಗುತ್ತಾ ಹೇಳುತ್ತಾರೆ. ಅಮೆರಿಕದ ಎಫ್‌ಡಿಎ 1990ರಲ್ಲಿ ಒಪ್ಪಿಗೆ ಕೊಟ್ಟಿತು. ಇಮ್ಯೂನೊಥೆರಪಿ ಎಂಬ ಪದ ಪತ್ರಿಕೆಗಳ ಮುಖಪುಟಕ್ಕೆ ಬರುವ ಎಷ್ಟೋ ಮುಂಚೆ ಹೀಗೆ ಒಂದು ಇಮ್ಯೂನೊಥೆರಪಿ ಸದ್ದಿಲ್ಲದೆ ನಡೆಯುತ್ತಿತ್ತು. ತೊಡಕು ಒಂದೇ: ನೂರರಲ್ಲಿ ಮೂವತ್ತು ನಲವತ್ತು ಮಂದಿಗೆ ಅದು ಕೈಕೊಡುತ್ತದೆ. ಕೈಕೊಟ್ಟದ್ದು ತಿಳಿಯುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಗೆಡ್ಡೆ ಸ್ನಾಯುವಿನೊಳಗೆ ಇಳಿದುಬಿಟ್ಟರೆ ಮೂತ್ರಕೋಶವನ್ನೇ ತೆಗೆಯುವ ಮಾತು ಬರುತ್ತದೆ.

ಮೂತ್ರದಲ್ಲಿ ಕ್ಯಾನ್ಸರನ್ನು ಹುಡುಕುವ ಕೆಲಸ ಇದಕ್ಕಿಂತ ಹಳೆಯದು. ಪ್ಯಾಪ್ ಪರೀಕ್ಷೆಯ ಪಾಪನಿಕೊಲಾವ್ 1945ರಲ್ಲೇ ಮಾರ್ಷಲ್ ಜೊತೆ ಸೇರಿ, ಮೂತ್ರದ ಗಸಿಯನ್ನು ಗಾಜಿನ ಮೇಲೆ ಹಚ್ಚಿ ಕ್ಯಾನ್ಸರ್ ಕೋಶಗಳನ್ನು ತೋರಿಸಿದ್ದರು. ಆಗ ಕೇಳುತ್ತಿದ್ದ ಪ್ರಶ್ನೆ ‘ರೋಗ ಇದೆಯೋ’ ಎಂಬುದಷ್ಟೇ. ‘ಗುಣವಾಗುತ್ತದೆಯೋ’ ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಯೋಗರತ್ನಾಕರದ ತೈಲಬಿಂದು ಪರೀಕ್ಷೆ ಈ ಎರಡನೆಯದನ್ನೂ ಕೇಳಿತ್ತು: ಮೂತ್ರಕ್ಕೆ ಬಿಟ್ಟ ಎಣ್ಣೆಯ ಹನಿ ಹರಡಿದರೆ ಸಾಧ್ಯ, ಮುಳುಗಿದರೆ ಅಸಾಧ್ಯ. ಅದು ವಿಜ್ಞಾನವಾಗಿತ್ತೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಹಳೆಯದು, ಅಷ್ಟೆ.

ಆಧುನಿಕ ವೈದ್ಯ ಅದನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಎಂಬತ್ತರ ದಶಕದಲ್ಲಿ. ಬಿಸಿಜಿ ಒಳಗೆ ಹೋದೊಡನೆ ಮೂತ್ರಕೋಶದ ಗೋಡೆಯಲ್ಲಿ ಗಲಾಟೆ ಏಳುತ್ತದೆ. ಮೊದಲು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತುತ್ತವೆ, ಆಮೇಲೆ ಟಿ-ಕೋಶಗಳು. ಈ ಕೋಶಗಳು ಒಂದನ್ನೊಂದು ಕೂಗಿ ಕರೆಯಲು ಬಿಡುವ ಸೈಟೊಕೈನ್ ಎಂಬ ಪ್ರೋಟೀನುಗಳು ಮೂತ್ರಕ್ಕೆ ಸೋರುತ್ತವೆ. ಇಂಟರ್‌ಲ್ಯೂಕಿನ್-2 ಚೆನ್ನಾಗಿ ಏರಿದವರಲ್ಲಿ ರೋಗ ಮರಳುವುದು ಕಡಿಮೆ ಎಂದು ಒಂದಾದ ಮೇಲೊಂದು ಅಧ್ಯಯನ ಹೇಳಿತು. 2004ರಲ್ಲಿ ಅಯೋವಾದ ತಂಡ ಟ್ರೇಲ್ ಎಂಬ ಇನ್ನೊಂದು ಪ್ರೋಟೀನನ್ನು ತೋರಿಸಿತು. ಕ್ಯಾನ್ಸರ್ ಕೋಶಕ್ಕೆ ಸಾಯಲು ಸೂಚನೆ ಕೊಡುವ ಈ ಪ್ರೋಟೀನು ಚಿಕಿತ್ಸೆ ಹಿಡಿದವರ ಮೂತ್ರದಲ್ಲಿ ಹೆಚ್ಚು ಕಂಡಿತು. ಆದರೆ ಒಂದೊಂದೇ ಪ್ರೋಟೀನನ್ನು ನಂಬಿ ಕೂತರೆ ಲೆಕ್ಕ ತಪ್ಪುತ್ತಿತ್ತು. 2016ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರದ ಆಶಿಶ್ ಕಾಮತ್ ಮತ್ತು ಸಂಗಡಿಗರು ಒಂಬತ್ತು ಸೈಟೊಕೈನುಗಳ ಏರಿಳಿತವನ್ನು ಒಟ್ಟಿಗೆ ಸೇರಿಸಿ ‘ಸೈಪ್ರಿಟ್’ ಎಂಬ ಅಂಕಪಟ್ಟಿ ಮಾಡಿದರು. ಅದರ ನಿಖರತೆ ಶೇ. 85ರ ಮೇಲೆ ಎಂದು ವರದಿಯಾಯಿತು.

ಅದೇ ತಂಡ 2012ರಲ್ಲಿ ಇನ್ನೊಂದು ದಾರಿ ಹಿಡಿದಿತ್ತು. ಮೂತ್ರದಲ್ಲಿ ಬಿದ್ದ ಕೋಶಗಳ ಕ್ರೋಮೋಸೋಮುಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಇರಬೇಕಾದ ಎರಡು ಚುಕ್ಕೆಯ ಜಾಗದಲ್ಲಿ ಮೂರೋ ನಾಲ್ಕೋ ಇವೆಯೇ ಎಂದು ಎಣಿಸುವ ಫಿಶ್ ಪರೀಕ್ಷೆ. ಬಿಸಿಜಿ ನಡೆಯುವಾಗಲೂ ಇದು ಪಾಸಿಟಿವ್ ಆಗಿಯೇ ಉಳಿದವರಿಗೆ ರೋಗ ಮರಳುವ ಅಪಾಯ ಮೂರರಿಂದ ಐದು ಪಟ್ಟು. ದುರ್ಬೀನು ಹಾಕಿ ನೋಡಿದರೆ, ಅಂದರೆ ಸಿಸ್ಟೋಸ್ಕೋಪಿ ಮಾಡಿದರೆ, ಒಳಗೆಲ್ಲ ಸ್ವಚ್ಛ, ಚುಕ್ಕೆ ಎಣಿಸಿದರೆ ಅಲ್ಲ.

ಈ ಕ್ಷೇತ್ರದ ಕಥೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಹ್ಯೂಬರ್ಟ್ ಹಂಫ್ರಿಯದು. 1967ರಲ್ಲಿ, ಅಮೆರಿಕದ ಉಪಾಧ್ಯಕ್ಷರಾಗಿದ್ದಾಗಲೇ, ಅವರ ಮೂತ್ರದಲ್ಲಿ ರಕ್ತ ಕಂಡಿತು. ಪರೀಕ್ಷೆ ಮಾಡಿದವರಿಗೆ ಕ್ಯಾನ್ಸರ್ ಎಂದು ಖಚಿತವಾಗಿ ಹೇಳಲಾಗಲಿಲ್ಲ. 1976ರಲ್ಲಿ ಮೂತ್ರಕೋಶ ತೆಗೆದರು. 1978ರ ಜನವರಿಯಲ್ಲಿ ಅವರು ತೀರಿಕೊಂಡರು. 1994ರಲ್ಲಿ ಡೇವಿಡ್ ಸಿಡ್ರಾನ್ಸ್ಕಿ ಅವರ ತಂಡ 1967ರ ಆ ಹಳೆಯ ಮೂತ್ರದ ಸ್ಲೈಡುಗಳನ್ನು ಹೊರತೆಗೆದು ನೋಡಿದಾಗ, 1976ರ ಗೆಡ್ಡೆಯಲ್ಲಿದ್ದ ಪಿ53 ವಂಶವಾಹಿಯ ಅದೇ ದೋಷ ಅಲ್ಲೂ ಸಿಕ್ಕಿತು. ಒಂಬತ್ತು ವರ್ಷ ಮೊದಲೇ ಉತ್ತರ ಸ್ಲೈಡಿನ ಮೇಲಿತ್ತು, ಓದಲು ಆಗ ಲಿಪಿಯಿರಲಿಲ್ಲ.

ಈಗ ಲಿಪಿ ಬಂದಿದೆ. ಮೂತ್ರದಲ್ಲಿ ತೇಲುವ ಗೆಡ್ಡೆಯ ಡಿಎನ್‌ಎ ತುಣುಕುಗಳನ್ನು ಓದುವ ವಿಧಾನವನ್ನು ಸ್ಟ್ಯಾನ್‌ಫರ್ಡ್ ತಂಡ 2019ರಲ್ಲಿ ಪ್ರಕಟಿಸಿತು. ಮರಳಿದ ರೋಗ ವೈದ್ಯರ ಕಣ್ಣಿಗೆ ಬೀಳುವ ತಿಂಗಳುಗಳ ಮುಂಚೆಯೇ ಬಹಳಷ್ಟು ರೋಗಿಗಳಲ್ಲಿ ಅದು ಸುಳಿವು ಹಿಡಿಯಿತು. ಗೆಡ್ಡೆ ಮೂತ್ರಕೋಶದ ಒಳಗೇ ಇರುವಾಗ ರಕ್ತಕ್ಕಿಂತ ಮೂತ್ರದಲ್ಲೇ ಅದರ ಚೂರು ಹೆಚ್ಚು. ಗೆಡ್ಡೆಯನ್ನು ತೊಳೆದು ಬರುವ ನೀರು ಅದೇ ತಾನೆ. ರೋಗ ಹೊರಗೆ ಹರಡಿದ ಮೇಲೆ ರಕ್ತದ ಮಾತಿಗೇ ತೂಕ. ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಗೆಡ್ಡೆಯ ಡಿಎನ್‌ಎ ಕಂಡವರಿಗೆ ಮಾತ್ರ ಅಟೆಜೊಲಿಜುಮಾಬ್ ಎಂಬ ಇಮ್ಯೂನೊಥೆರಪಿ ಔಷಧಿ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು 2025ರಲ್ಲಿ ಐಎಮ್‌ವಿಗರ್011 ಪ್ರಯೋಗ ತೋರಿಸಿತು. ಮೂತ್ರದ ಪರೀಕ್ಷೆ ಅಂಥ ದೊಡ್ಡ ಪ್ರಯೋಗವೊಂದರಲ್ಲಿ ಗೆದ್ದು ಬರುವುದು ಇನ್ನೂ ಬಾಕಿ.

ಅಟೆಜೊಲಿಜುಮಾಬ್, ಪೆಂಬ್ರೊಲಿಜುಮಾಬ್ ಕುಲದ ಔಷಧಿಗಳು ಬಂದಮೇಲೆ ಪ್ರಶ್ನೆ ತುಟ್ಟಿಯಾಗಿದೆ, ಅಕ್ಷರಶಃ. ಬಿಸಿಜಿಗೆ ಬಗ್ಗದವರಿಗೆ ಪೆಂಬ್ರೊಲಿಜುಮಾಬನ್ನು 2020ರಲ್ಲಿ ಎಫ್‌ಡಿಎ ಒಪ್ಪಿತು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ರೋಗ ಪೂರ್ತಿ ಮಾಯವಾದದ್ದು ಶೇ. 41 ಮಂದಿಯಲ್ಲಿ. ಉಳಿದವರನ್ನು ಮೊದಲೇ ಗುರುತಿಸುವುದು ಹೇಗೆ? ಗೆಡ್ಡೆಯ ಚೂರಿನಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನನ್ನು ಅಳೆಯುವ ಪದ್ಧತಿ ಒಂದೊಂದು ಕಿಟ್‌ಗೆ ಒಂದೊಂದು ಉತ್ತರ ಕೊಟ್ಟು ನಿರಾಸೆ ಮಾಡಿದೆ. 2018ರಲ್ಲಿ ಲಂಡನ್ನಿನ ಯುಸಿಎಲ್ ತಂಡ ಮೂತ್ರದಿಂದಲೇ ಟಿ-ಕೋಶಗಳನ್ನು ಹೆಕ್ಕಿ, ಅವು ಗೆಡ್ಡೆಯೊಳಗೆ ಕಾದಾಡುತ್ತಿರುವ ಕೋಶಗಳನ್ನೇ ಹೋಲುತ್ತವೆ ಎಂದು ತೋರಿಸಿತು. ಸೂಜಿ ಚುಚ್ಚದೆ, ಗೆಡ್ಡೆ ಕೆರೆಯದೆ ರಣರಂಗ ನೋಡುವ ಕಿಟಕಿ ಇದು. ನನಗೆ ಹೆಚ್ಚು ಭರವಸೆ ಇರುವುದು ಇಲ್ಲಿಯೇ.

ಯಾಕೆಂದರೆ, ಈವರೆಗೆ ‘ಮುನ್ಸೂಚನೆ’ ಎಂದು ಕರೆಸಿಕೊಂಡ ಹೆಚ್ಚಿನವು ನಿಜಕ್ಕೂ ಮುನ್ಸೂಚನೆಗಳಲ್ಲ. ಸೈಟೊಕೈನ್ ಅಳೆಯಲು ಡೋಸು ಒಳಗೆ ಹೋಗಿರಬೇಕು. ಫಿಶ್, ಡಿಎನ್‌ಎ ಎರಡೂ ಹೇಳುವುದು ರೋಗ ಉಳಿದಿದೆ ಎಂಬುದನ್ನು. ಬೇಗ ತಿಳಿಯುವುದು ಒಳ್ಳೆಯದೇ, ಆದರೆ ಮೊದಲ ಡೋಸಿಗೆ ಮುಂಚೆ ತಿಳಿಯುವುದು ಬೇರೆ. ಅದರ ಮೇಲೆ ಮೂತ್ರದ ಚಂಚಲ ಸ್ವಭಾವ. ಒಂದು ಚೊಂಬು ನೀರು ಹೆಚ್ಚು ಕುಡಿದರೆ ಎಲ್ಲ ಅಳತೆಯೂ ತೆಳುವಾಗುತ್ತದೆ, ಕ್ರಿಯಾಟಿನಿನ್ ನೋಡಿ ಸರಿಪಡಿಸಬೇಕು. ಬೆಳಗಿನ ಮೊದಲ ಮೂತ್ರದಲ್ಲಿ ಕೋಶಗಳು ರಾತ್ರಿಯೆಲ್ಲ ನೆನೆದು ಕೆಟ್ಟಿರುತ್ತವೆ. ಮಾದರಿಯನ್ನು ಹೊತ್ತಿಗೆ ಸರಿಯಾಗಿ ತಣ್ಣಗಿಡಬೇಕು. ಬಿಸಿಜಿ ತಳಿಯೂ ಎಲ್ಲ ಕಡೆ ಒಂದೇ ಅಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವುದು ಮಾಸ್ಕೋ ತಳಿ, ಅಮೆರಿಕದಲ್ಲಿ ಬಳಸುವುದು ಟೈಸ್. ಹ್ಯೂಸ್ಟನ್ನಿನ ಅಂಕಪಟ್ಟಿಯನ್ನು ಬೆಂಗಳೂರಿಗೆ ತಂದು ಹಾಗೇ ಬಳಸುವಂತಿಲ್ಲ.

ಹಾಗಾಗಿ ಮೂತ್ರದ ರಿಪೋರ್ಟ್ ಒಂದನ್ನೇ ನೋಡಿ ಬಿಸಿಜಿ ನಿಲ್ಲಿಸುವ ಪದ್ಧತಿ ಇನ್ನೂ ಬಂದಿಲ್ಲ. ಆರನೇ ವಾರದ ಡೋಸು ಮುಗಿಸಿದವರ ಚೀಟಿಯಲ್ಲಿ ಇವತ್ತೂ ಬರೆದಿರುವುದು ಮೂರನೇ ತಿಂಗಳ ಸಿಸ್ಟೋಸ್ಕೋಪಿಯ ತಾರೀಕು, ಅದರ ಕೆಳಗೆ ಬ್ಲೀಚಿನ ಸೂಚನೆ.