ಮದುವೆ ಮೊದಲು, ಪ್ರೀತಿ ಆಮೇಲೆ
ಗಂಡನನ್ನು ಮಣ್ಣು ಮಾಡಿದ ದಿನವೇ ಅಪರಿಚಿತನೊಬ್ಬ ಬಂದು ‘ನನ್ನನ್ನು ಮದುವೆಯಾಗುತ್ತೀಯಾ’ ಎಂದು ಕೇಳಿದರೆ? ಕೆನಡಾದ ಲೇಖಕಿ ಜಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ ಆರಂಭವಾಗುವುದು ಹೀಗೆ. 1979ರಲ್ಲಿ ಅಮೆರಿಕದ ಬೆಥನಿ ಹೌಸ್ ಎಂಬ ಧಾರ್ಮಿಕ ಪ್ರಕಾಶನ ಹೊರತಂದ ಈ ಪುಸ್ತಕವೇ ಇಂದಿನ ಕ್ರೈಸ್ತ ಐತಿಹಾಸಿಕ ಪ್ರೇಮ ಕಾದಂಬರಿಗಳಿಗೆ ದಾರಿ ಮಾಡಿತು.

ಜನ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋಗುತ್ತಿದ್ದ ಕಾಲ. ಗರ್ಭಿಣಿ ಮಾರ್ಟಿಗೆ ಚಳಿಗಾಲ ಕಳೆಯಲು ಸೂರಿಲ್ಲ. ವಿಧುರ ಕ್ಲಾರ್ಕನ ಪುಟ್ಟ ಮಗಳಿಗೆ ತಾಯಿಯಿಲ್ಲ. ವಸಂತದಲ್ಲಿ ತವರಿಗೆ ಮರಳುವುದಾದರೆ ಪ್ರಯಾಣದ ಖರ್ಚು ತನ್ನದೆಂದು ಅವನು ಮಾತು ಕೊಡುತ್ತಾನೆ. ಓದುಗರನ್ನು ಹಿಡಿದಿಡುವುದು ಈ ಮಾತೇ. ಶೃಂಗಾರವಿಲ್ಲ, ಇರುವುದು ಅಡುಗೆಯ ಪೇಚಾಟ, ಮಗುವಿನ ಹಠ, ಊಟಕ್ಕೆ ಮುಂಚಿನ ಪ್ರಾರ್ಥನೆ. ದೇವರೂ ಅವಳ ಮನಸ್ಸಿಗೆ ಪ್ರೀತಿಯಷ್ಟೇ ನಿಧಾನವಾಗಿ ಬರುತ್ತಾನೆ.

ಮದುವೆಯ ನಂತರದ ಪ್ರೀತಿ ನಮ್ಮ ಅಜ್ಜಿಯಂದಿರಿಗೆ ಹೊಸದಲ್ಲ. ಆದರೆ ಮರಳುವ ಬಂಡಿಯ ಬಾಡಿಗೆ ಕೊಡುತ್ತೇನೆಂದು ಅವರಿಗೆ ಹೇಳಿದವರು ಎಷ್ಟು ಮಂದಿ?

ಇತಿಹಾಸದ ಪಾಠವೆಂದು ಮಾತ್ರ ಇದನ್ನು ಓದಬಾರದು. ಆ ನೆಲದ ಮೂಲನಿವಾಸಿಗಳು ಏನಾದರೆಂದು ಕಥೆ ತಲೆಕೆಡಿಸಿಕೊಳ್ಳುವುದಿಲ್ಲ.

ವಸಂತ ಬಂತು, ಬಂಡಿಯೂ ಬಂತು. ದಂಪತಿಯ ಕಥೆ ಎಂಟು ಪುಸ್ತಕಗಳಿಗೆ ಬೆಳೆದಿದೆ ಎಂದಮೇಲೆ ಮಾರ್ಟಿ ಬಂಡಿ ಹತ್ತಿದಳೇ ಎಂದು ಕೇಳಬೇಕಾಗಿಲ್ಲ.