ಮೋಕದಲ್ಲಿ ಕಂಡ ಅರ್ಧ ವರಹ



ಬಳ್ಳಾರಿ ನಗರದಿಂದ ಹೊರಟು ಎರೆಮಣ್ಣಿನ ಹೊಲಗಳ ನಡುವೆ ಸಾಗಿದರೆ ಹಗರಿ ನದಿಯ ದಂಡೆಯಲ್ಲಿ ಮೋಕ ಎಂಬ ಊರು ಸಿಗುತ್ತದೆ. ವೇದಾವತಿ ನದಿಗೆ ಈ ಸೀಮೆಯಲ್ಲಿ ಹಗರಿ ಎಂದೇ ಹೆಸರು. ವರ್ಷದ ಬಹುಕಾಲ ಇಲ್ಲಿ ಕಾಣುವುದು ನೀರಿಗಿಂತ ಮರಳೇ ಹೆಚ್ಚು. ಜಿಲ್ಲೆಯ ಹಳೆಯ ನೆಲೆಗಳನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಅಲ್ಲಿಗೆ ಹೋಗಿದ್ದೆವು. ಕ್ಯಾಮೆರಾ ಕಂಡ ಕಡೆ ಜನ ಸೇರುವುದು ಸಹಜ. ಆ ಗುಂಪಿನಿಂದ ಹಿರಿಯರೊಬ್ಬರು ಮುಂದೆ ಬಂದು, ಕೆಂಪು ಬಟ್ಟೆಯ ಗಂಟು ಬಿಚ್ಚಿ, ಅಂಗೈ ಮೇಲೆ ಒಂದು ಪುಟ್ಟ ನಾಣ್ಯವನ್ನಿಟ್ಟರು. ಕಿರುಬೆರಳ ಉಗುರಿನಷ್ಟು ಅಗಲ. ಹಳದಿ ಬಣ್ಣ.

"ಇದನ್ನ ಒಂದೀಟು ನೋಡ್ರಿ ಸಾರ್. ಕೃಷ್ಣದೇವರಾಯನ ಕಾಲದ್ದು ಅಂತಾರ. ನಮ್ಮ ತಾತನ ಕಾಲದಿಂದ ದೇವರ ಜಗಲಿ ಮ್ಯಾಲಿತ್ತು. ಮೊಮ್ಮಗಳ ಕಾಲೇಜಿನ ಫೀಜು ಕಟ್ಟಬೇಕ್ರಿ. ನೀವು ಓದಿದೋರು, ನೀವೇ ತಗೊಂಡುಬಿಡ್ರಿ."

ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು. ಹಿರಿಯರು ಕೇಳಿದ್ದು ಆ ತೂಕದ ಚಿನ್ನದ ಬೆಲೆಯ ಎರಡರಷ್ಟು. ಅಸಲಿ ನಾಣ್ಯವಾದರೆ ಅದು ಹೆಚ್ಚಲ್ಲ, ನಕಲಿಯಾದರೆ ಬಹಳ ಹೆಚ್ಚು. ನಾಣ್ಯದೊಡನೆ ಯಾವ ತಜ್ಞರ ಪ್ರಮಾಣಪತ್ರವೂ ಇರಲಿಲ್ಲ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಉತ್ತರ ಹೇಳುವ ಮುನ್ನ ಈ ನಾಣ್ಯದ ಹಿಂದಿನ ಕಥೆಯನ್ನು ಸ್ವಲ್ಪ ತಿಳಿಯೋಣ.

ಪ್ರವಾಸಿಗಳು ಕೊಟ್ಟ ಸುಳಿವು

1336ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ವಿಜಯನಗರ ಸಾಮ್ರಾಜ್ಯದ ಮುಖ್ಯ ಚಿನ್ನದ ನಾಣ್ಯ ವರಹ. ಅದರ ತೂಕ ಸುಮಾರು 3.4 ಗ್ರಾಂ. ಅದಕ್ಕೆ ಗದ್ಯಾಣ ಎಂಬ ಹಳೆಯ ಹೆಸರೂ ಇತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಪಣ. ಪಣದ ಆರನೆಯ ಒಂದು ಭಾಗ ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಭಾಗ ತಾಮ್ರದ ಜಿತಲ್. ಹಾಗಾದರೆ ಒಂದು ವರಹಕ್ಕೆ ಎಷ್ಟು ಜಿತಲ್? ಲೆಕ್ಕ ಹಾಕಿ ನೋಡಿ, 360 ಬರುತ್ತದೆ.

ಹಿರಿಯರ ಅಂಗೈ ಮೇಲಿದ್ದದ್ದು ಪ್ರತಾಪ, ಅಂದರೆ ಅರ್ಧ ವರಹದ ಅಳತೆಯದು. ಅದರ ಒಂದು ಬದಿಯಲ್ಲಿ ಕುಳಿತ ಒಂದೇ ಮೂರ್ತಿ, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ ಮೂರು ಸಾಲು. ಈ 'ಒಂದೇ ಮೂರ್ತಿ' ಎಂಬುದು ಮುಖ್ಯವಾದ ಸುಳಿವು. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಗಮನಿಸಿದ್ದ. ಇಲ್ಲಿನ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಎರಡು ಮೂರ್ತಿಗಳೂ ಇನ್ನೊಂದು ಬದಿಯಲ್ಲಿ ರಾಜನ ಹೆಸರೂ ಇರುತ್ತವೆ, ಆದರೆ ಈಗಿನ ರಾಜ ಹೊಡೆಸಿದ ನಾಣ್ಯಗಳಲ್ಲಿ ಒಂದೇ ಮೂರ್ತಿ ಇದೆ ಎಂಬುದು ಅವನ ಮಾತಿನ ಸಾರ. ಹಿಂದಿನ ಅರಸರ ನಾಣ್ಯಗಳ ಮೇಲೆ ಉಮಾಮಹೇಶ್ವರರಂತಹ ಜೋಡಿ ದೇವತೆಗಳಿದ್ದರೆ, 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಪ್ರಸಿದ್ಧ ನಾಣ್ಯದ ಮೇಲಿರುವುದು ಬಾಲಕೃಷ್ಣನೆಂದು ಸಾಮಾನ್ಯವಾಗಿ ಗುರುತಿಸಲಾಗುವ ಒಂಟಿ ಮೂರ್ತಿ. ಹಿಂಬದಿಯಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ' ಎಂಬ ಬರಹ. ಅವನ ನಂತರದ ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡ ಬಂತು.

ಹಾಗಾದರೆ ಗುರುತು ಸಿಕ್ಕಿತಲ್ಲ, ಕೊಂಡುಬಿಡಬಹುದಲ್ಲ ಎನ್ನುತ್ತೀರಾ? ಸ್ವಲ್ಪ ತಾಳಿ. ಜನರ ನಂಬಿಕೆ ಗಳಿಸಿದ ನಾಣ್ಯವನ್ನು ಮುಂದಿನವರು ಅನುಕರಿಸುವುದು ಲೋಕದ ರೂಢಿ. ಚಿತ್ರದುರ್ಗದ ಪಾಳೆಯಗಾರರದೆಂದು ಹೇಳುವ 'ದುರ್ಗಿ' ವರಹಗಳಲ್ಲಿ ಕೃಷ್ಣದೇವರಾಯನ ನಾಣ್ಯದ ಮಾದರಿಯೇ ಮುಂದುವರಿಯಿತು. ಹೈದರಾಲಿ ತನ್ನ ವರಹದ ಒಂದು ಬದಿಯಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. ಇವು ಮೋಸದ ನಾಣ್ಯಗಳಲ್ಲ; ಆಯಾ ಆಡಳಿತದ ಸಾಚಾ ಹಣ. ಆದರೆ ದುರ್ಗಿ ವರಹವನ್ನು ತೋರಿಸಿ ಕೃಷ್ಣದೇವರಾಯನದೆಂದು ಮಾರಿದರೆ ಅಲ್ಲಿ ಮೋಸ ಹುಟ್ಟುತ್ತದೆ. ಇವೆರಡೂ ಅಲ್ಲದೆ, ಸಂಗ್ರಾಹಕರಿಗೆ ಮಾರಲೆಂದೇ ಇತ್ತೀಚೆಗೆ ತಯಾರಾದವು ಮೂರನೆಯ ಬಗೆ.

ಚಿನಿವಾರನ ಕೆಲಸ

ನಾಣ್ಯವನ್ನು ನಂಬಬೇಕೇ ಬೇಡವೇ ಎಂಬ ಪ್ರಶ್ನೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಲೊಕ್ಕಿ ಗದ್ಯಾಣ' ಎಂಬ ಮಾತು ಬರುತ್ತದೆ. ಲೊಕ್ಕಿಗುಂಡಿ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯ ಟಂಕಸಾಲೆಯಲ್ಲಿ ತಯಾರಾದ ನಾಣ್ಯ ಅದು. ಬರೀ ಗದ್ಯಾಣ ಎನ್ನದೆ ಯಾವ ಊರಿನ ಗದ್ಯಾಣ ಎಂದು ಹೇಳುತ್ತಿದ್ದುದರಲ್ಲೇ ಒಂದು ಭರವಸೆ ಅಡಗಿತ್ತು.

ಪೇಟೆಯಲ್ಲಿ ಈ ಭರವಸೆ ಕೊಡುತ್ತಿದ್ದವನು ಚಿನಿವಾರ. ತಕ್ಕಡಿ, ಒರೆಗಲ್ಲು, ಅನುಭವದ ಕಣ್ಣು, ಇವು ಅವನ ಸಾಧನಗಳು. ಬಳ್ಳಾರಿ ಸೀಮೆಯಂತಹ ಕಡೆ ಅವನಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ವಿಜಯನಗರದ ನಂತರ ಪಾಳೆಯಗಾರರು, ಹೈದರ್ ಮತ್ತು ಟಿಪ್ಪು, 1792ರ ಒಪ್ಪಂದದ ಮೇಲೆ ನಿಜಾಮ, 1800ರಿಂದ ಈಸ್ಟ್ ಇಂಡಿಯಾ ಕಂಪನಿ, ಹೀಗೆ ಆಳುವವರು ಬದಲಾದಂತೆಲ್ಲ ಹೊಸ ನಾಣ್ಯ ಬಂತು. ಹಳೆಯದು ಹೋಗಲಿಲ್ಲ. ತೂಕ ಕಡಿಮೆಯಾದ ನಾಣ್ಯಕ್ಕೆ ಇಷ್ಟು ವಟ್ಟ ಎಂದು ಕಡಿತ ಹೇಳುವವನು ಚಿನಿವಾರನೇ. ಅವನು ಕೊಡುವವನೂ ಅಲ್ಲ, ತೆಗೆದುಕೊಳ್ಳುವವನೂ ಅಲ್ಲ, ನಡುವೆ ನಿಂತ ಮೂರನೆಯವನು. ಈ ಮಾತನ್ನು ನೆನಪಿಡಿ.

ಇಂದು ಆ ಮೂರನೆಯವನ ಸ್ಥಾನದಲ್ಲಿ ದರ್ಜೆ ನಿರ್ಧರಿಸುವ ಸಂಸ್ಥೆಗಳಿವೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಅಂಕಗಳ ಪದ್ಧತಿಯನ್ನು ಪ್ರಕಟಿಸಿದ. 1986 ಮತ್ತು 1987ರಲ್ಲಿ ಅಲ್ಲಿ ಆರಂಭವಾದ ಎರಡು ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತಿ ಕೊಡುವ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿದವು. ಆ ಕವಚವನ್ನೇ ನಕಲು ಮಾಡುವವರೂ ಹುಟ್ಟಿಕೊಂಡರೆನ್ನಿ! ನಮ್ಮಲ್ಲಿ ಕೈಯಿಂದ ಕೈಗೆ ಸಾಗುವ ಹಳೆಯ ನಾಣ್ಯಗಳಲ್ಲಿ ಬಹುಪಾಲು ಇಂತಹ ಪರೀಕ್ಷೆಯನ್ನು ಕಂಡಿರುವುದಿಲ್ಲ.

ನನ್ನದೇ ಒಂದು ಪಾಠ

ಇಲ್ಲಿ ನನ್ನ ಕಾಲೇಜು ದಿನಗಳ ಒಂದು ಸಂಗತಿ ಹೇಳಬೇಕು. ಜಾತ್ರೆಯೊಂದರಲ್ಲಿ ಹಳದಿ ಲೋಹದ ದೊಡ್ಡ ನಾಣ್ಯವೊಂದು ಕಣ್ಣಿಗೆ ಬಿತ್ತು. ಒಂದು ಬದಿಯಲ್ಲಿ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಹಾಸ್ಟೆಲ್ಲಿನ ಮೆಸ್ ಬಿಲ್ಲಿಗೆಂದು ಮನೆಯವರು ಕಳಿಸಿದ್ದ ಹಣ ಕೊಟ್ಟು ಕೊಂಡೆ. ಕಂಪನಿ ಅಂತಹ ನಾಣ್ಯವನ್ನು ಎಂದೂ ಹೊರಡಿಸಿರಲಿಲ್ಲವೆಂದು ಆಮೇಲೆ ತಿಳಿಯಿತು. ಮದರಾಸಿನಲ್ಲಿ ಕಂಪನಿ ವಿಷ್ಣುವಿನ ಮೂರ್ತಿಯಿರುವ ಪಗೋಡಗಳನ್ನು ಹೊಡೆಸಿದ್ದು ನಿಜ. ಆದ್ದರಿಂದ ದೇವರ ಚಿತ್ರ ಇದ್ದ ಮಾತ್ರಕ್ಕೆ ನಕಲಿ ಎನ್ನಲಾಗದು. ಆದರೆ ನಾನು ಕೊಂಡ ಮಾದರಿ ಮಾರಾಟಕ್ಕೆಂದೇ ಕಲ್ಪಿಸಿಕೊಂಡದ್ದು. ರಾಮಟಂಕ ಎಂಬ ಪೂಜೆಯ ಬಿಲ್ಲೆಗಳೂ ಇವೆ. ಅವು ಭಕ್ತಿಯ ವಸ್ತುಗಳಾಗಿ ಸಾಚಾ, ಚಲಾವಣೆಯ ಹಣವಾಗಿ ಅಲ್ಲ.

ಇನ್ನೂ ಅಪಾಯಕಾರಿಯಾದುದು 'ಅಕ್ಕಿಯನ್ನು ಸೆಳೆಯುವ ನಾಣ್ಯ' ಎಂಬ ವಂಚನೆ. ಅದರಲ್ಲಿ ಇರಿಡಿಯಂ ಇದೆ, ವಿದೇಶದಲ್ಲಿ ಕೋಟಿ ಬೆಲೆ ಎಂದು ನಂಬಿಸಿ ಹೊಲ ಮಾರಿಸಿದವರಿದ್ದಾರೆ. ವಿಜ್ಞಾನ ಓದುವ ನಿಮಗೆ ಗೊತ್ತಿರಲಿ: ಅಕ್ಕಿಯ ಕಾಳನ್ನು ಸೆಳೆಯುವ ಗುಣ ಇರಿಡಿಯಂಗೆ ಇಲ್ಲ. ಕಾಳಿನೊಳಗೆ ಕಬ್ಬಿಣದ ಪುಡಿ ಸೇರಿಸಿ ಅಯಸ್ಕಾಂತ ಬಚ್ಚಿಟ್ಟರೆ ಯಾವ ನಾಣ್ಯವಾದರೂ 'ಸೆಳೆಯುತ್ತದೆ'. ಹಾಗೆಯೇ, ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರು ತನ್ನ ಹೆಸರನ್ನು ಬಳಸಿಕೊಳ್ಳುತ್ತಿದ್ದಾರೆ ಎಂದು 2021ರಲ್ಲಿ ರಿಸರ್ವ್ ಬ್ಯಾಂಕೇ ಸಾರ್ವಜನಿಕರನ್ನು ಎಚ್ಚರಿಸಿತು.

ಒಂದು ಲೋಟ ನೀರು

ಮತ್ತೆ ಮೋಕಕ್ಕೆ ಬರೋಣ. ನಾನು ಮೊದಲು ಕೇಳಿದ್ದು, "ಯಜಮಾನ್ರೇ, ಇದು ಹೊಲದಾಗ ಸಿಕ್ಕಿದ್ದೇನು?" ಎಂದು. ಈ ಪ್ರಶ್ನೆಗೆ ಕಾರಣವಿದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಮಾರುವಂತಿಲ್ಲ. ಕರ್ನಾಟಕದಲ್ಲಿ ಇದಕ್ಕಾಗಿ 1962ರ ನಿಧಿ ಕಾಯಿದೆ ಇದೆ. ನೂರು ವರ್ಷಕ್ಕೂ ಹಳೆಯ ನಾಣ್ಯ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕಾಯಿದೆಯ ಮಾತು ಬಿಟ್ಟರೂ, ಎಲ್ಲಿ, ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತು ಎಂಬ ಸುದ್ದಿ ಕಳೆದುಹೋದ ನಾಣ್ಯ ಇತಿಹಾಸಕ್ಕೆ ಅರ್ಧ ಮೂಕವಾದಂತೆ.

ಹಿರಿಯರು, "ಇಲ್ರಿ, ಮನೀದು" ಎಂದರು.

ಆಮೇಲೆ ನಾವು ಮೂವರೂ ಬಳ್ಳಾರಿಯ ಒಬ್ಬ ಅಕ್ಕಸಾಲಿಗರ ಅಂಗಡಿಗೆ ಹೋದೆವು. ವಿದ್ಯುನ್ಮಾನ ತಕ್ಕಡಿಯಲ್ಲಿ ತೂಕ 1.69 ಗ್ರಾಂ. ಅರ್ಧ ವರಹಕ್ಕೆ ಸರಿಯಾದ ತೂಕ. ಬಳಿಕ ಒಂದು ಚಿಕ್ಕ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದೆವು. ನಾಣ್ಯವನ್ನು ನೂಲಿಗೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಇಳಿಬಿಟ್ಟೆವು. ತಕ್ಕಡಿ 0.10 ತೋರಿಸಿತು. ಅದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ, ಆರ್ಕಿಮಿಡೀಸನ ತತ್ವ. 1.69ನ್ನು 0.10ರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 17. ಶುದ್ಧ ಚಿನ್ನದ್ದು 19.3, ಬೆಳ್ಳಿಯದು 10.5, ಹಿತ್ತಾಳೆಯದು ಸುಮಾರು 8.5. ಹಿತ್ತಾಳೆಯಾಗಿದ್ದರೆ ತಕ್ಕಡಿ 0.20 ತೋರಿಸಬೇಕಿತ್ತು. ಇಷ್ಟು ಚಿಕ್ಕ ನಾಣ್ಯದಲ್ಲಿ 0.01ರ ವ್ಯತ್ಯಾಸವೂ ಉತ್ತರವನ್ನು ಬದಲಿಸುತ್ತದೆ. ಹಾಗಾಗಿ ಎಷ್ಟು ಕ್ಯಾರೆಟ್ ಎಂದು ಹೇಳಲಾಗದು. ಚಿನ್ನವೇ ಹೆಚ್ಚಾಗಿದೆ ಎಂದಷ್ಟೇ ಹೇಳಬಹುದು.

ಹಿರಿಯರ ಮುಖ ಅರಳಿತು. ಆದರೆ ಪ್ರಶ್ನೆ ಇನ್ನೂ ಅರ್ಧ ಉಳಿದಿತ್ತು. ಚಿನ್ನ ಎಂದರೆ ಕೃಷ್ಣದೇವರಾಯನದು ಎಂದೇನೂ ಅಲ್ಲವಲ್ಲ? ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ನೋಡಿದೆವು. ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದ ನಾಣ್ಯದಲ್ಲಿ ಅಕ್ಷರದ ಬುಡ ಚೂಪಾಗಿರುತ್ತದೆ. ಬಳಸಿ ಸವೆದರೂ ಮೊದಲು ಸವೆಯುವುದು ಉಬ್ಬಿದ ಭಾಗ, ತಗ್ಗಿನ ಗೆರೆಗಳು ಉಳಿಯುತ್ತವೆ. ಇಲ್ಲಿ ತಗ್ಗಿನ ಗೆರೆಗಳೂ ಕರಗಿದ ಬೆಲ್ಲದಂತೆ ಮೆತ್ತಗಿದ್ದವು. ಮೈಮೇಲೆ ಸೂಜಿಮೊನೆಯಷ್ಟು ಗುಂಡು ಗುಳಿಗಳು. ಇವು ಎರಕ ಹೊಯ್ದುದರ ಲಕ್ಷಣ. ಕಾಸಿನ ಸರಕ್ಕೋ ಪೂಜೆಗೋ ಹಿಂದೆ ಯಾರೋ ಅಸಲಿ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದಿರಬಹುದು.

ಈಗ ಲೆಕ್ಕ ನೋಡಿ. ಚಿನ್ನದ ಬೆಲೆ 100 ರೂಪಾಯಿ, ಕೇಳಿದ್ದು 200, ಅಸಲಿಯಾದರೆ ಸಂಗ್ರಾಹಕರು 300 ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಅಸಲಿಯಾದರೆ ನೂರು ಲಾಭ, ಹೊಸ ಚಿನ್ನವಾದರೆ ನೂರು ನಷ್ಟ, ಹಿತ್ತಾಳೆಯಾದರೆ ಸುಮಾರು ಇನ್ನೂರೂ ನಷ್ಟ. ಒಂದು ಲೋಟ ನೀರು ಮೂರನೆಯ ಭಯವನ್ನು ತೆಗೆದುಹಾಕಿತು. ಭೂತಗನ್ನಡಿ ಮೊದಲನೆಯ ಆಸೆಯನ್ನು ಬಹುಮಟ್ಟಿಗೆ ಅಳಿಸಿತು. ನಾಣ್ಯ ಕೊಳ್ಳುವಾಗ ಅಪಾಯ ತೂಗುವುದೆಂದರೆ ಇಷ್ಟೇ: ಲೋಹಕ್ಕೆ ಎಷ್ಟು, ಇತಿಹಾಸಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂದು ಬೇರೆಬೇರೆಯಾಗಿ ಬರೆದುಕೊಳ್ಳುವುದು, ಎರಡನೆಯದಕ್ಕೆ ಸಾಕ್ಷಿ ಕೇಳುವುದು.

ಕೊಳ್ಳುವವನೇ ಪರೀಕ್ಷಕನಾದರೆ

ನಾನು ಆ ನಾಣ್ಯವನ್ನು ಕೊಳ್ಳಲಿಲ್ಲ. ಎರಕದ್ದೆಂಬ ಅನುಮಾನ ಬಂದದ್ದಷ್ಟೇ ಕಾರಣವಲ್ಲ. ದಾರಿಯಲ್ಲಿ ಮೊಮ್ಮಗಳು ಒಂದು ಮಾತು ಕೇಳಿದ್ದಳು. "ಸಾರ್, ಸಂತಿಗೆ ಬಂದಿದ್ದ ವ್ಯಾಪಾರಿನೂ ನೋಡಿ ಹಿತ್ತಾಳಿ ಅಂದಿದ್ದ. ಚಿನ್ನದ ಅರ್ಧ ರೇಟಿಗೆ ಕೊಡ್ರಿ ಅಂದಿದ್ದ. ನೀವೂ ನೋಡಿ ಹೇಳ್ತೀರಿ. ಯಾರನ್ನ ನಂಬೋದು?"

ಪ್ರಶ್ನೆ ನೇರವಾಗಿತ್ತು. ಹಿತ್ತಾಳೆಯಾದರೆ ಆ ವ್ಯಾಪಾರಿ ಚಿನ್ನದ ಅರ್ಧ ಬೆಲೆಯನ್ನಾದರೂ ಏಕೆ ಕೊಡುತ್ತಿದ್ದ? ಅವನ ಮಾತಿನಲ್ಲೇ ಅವನ ಸುಳ್ಳಿತ್ತು. ಆದರೆ ನನ್ನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಕೊಳ್ಳುವ ನಾನೇ ಪರೀಕ್ಷಕನೂ ಆಗಿ 'ಎರಕದ್ದು' ಎಂದು ಬೆಲೆ ಇಳಿಸಿದರೆ ನಂಬುವುದು ಹೇಗೆ? ಚಿನಿವಾರ ಮೂರನೆಯವನಾಗಿದ್ದುದರ ಬೆಲೆ ನನಗೆ ಆಗ ಅರ್ಥವಾಯಿತು.

"ಯಜಮಾನ್ರೇ, ಚಿನ್ನದ ಬೆಲೆಗಿಂತ ಕಡಿಮೆಗೆ ಯಾರಿಗೂ ಕೊಡಬೇಡ್ರಿ. ಹುಣಸೆಹಣ್ಣು ಹಚ್ಚಿ ತಿಕ್ಕಲೂ ಬೇಡಿ. ಮೊದಲು ಪುರಾತತ್ವ ಇಲಾಖೆಯವರಿಗೆ ತೋರಿಸ್ರಿ, ಅವರು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ" ಎಂದೆ. ಮೊಮ್ಮಗಳು ತೂಕದ ಲೆಕ್ಕವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹಿರಿಯರಿಗೆ ಬೇಸರವಾದದ್ದು ಕಾಣುತ್ತಿತ್ತು. ಮೂರು ತಲೆಮಾರು ಕೈಮುಗಿದ ನಾಣ್ಯ. ರಾಯರ ಹೆಸರು ಅದರಿಂದ ಜಾರಿಹೋಗಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ಬಟ್ಟೆಯಲ್ಲಿ ಕಟ್ಟಿಕೊಂಡರು. "ಫೀಜಿಗೆ ಬ್ಯಾರೆ ದಾರಿ ನೋಡಿದ್ರಾತು, ಸದ್ಯಕ್ಕ ಇದು ಜಗಲಿ ಮ್ಯಾಲೇ ಇರಲಿ" ಎಂದರು.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲೂ ಇಂತಹ ಒಂದು ನಾಣ್ಯ ಇದ್ದೀತು. ಮಾರುವ ಮಾತು ಆಮೇಲೆ. ಮೊದಲು ತೂಗಿ, ನೀರಿನಲ್ಲಿ ಇಳಿಬಿಡಿ, ಅಕ್ಷರ ಓದಲು ಪ್ರಯತ್ನಿಸಿ, ಅದು ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ಇಸವಿಯೊಡನೆ ಬರೆದಿಡಿ. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋದಾಗ ವಿಜಯನಗರದ ನಾಣ್ಯಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಾಲೇಜಿನ ಗ್ರಂಥಾಲಯದಲ್ಲಿ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು 1975ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಸಿಕ್ಕರೆ ತೆರೆದು ನೋಡಿ. ಅಸಲಿಯನ್ನು ಹತ್ತು ಸಲ ಕಂಡ ಕಣ್ಣಿಗೆ ಮಾತ್ರ ನಕಲಿ ಗುರುತು ಸಿಗುತ್ತದೆ.