ಹಂಪನಕಟ್ಟೆಯಲ್ಲಿ ಇಳಿದವರು

ಮಂಗಳೂರು ನೋಡಲು ಬರುವವರು ಹಂಪನಕಟ್ಟೆಯಲ್ಲಿ ರೂಮು ಹಿಡಿಯುತ್ತಾರೆ. ನೋಡುವುದಕ್ಕೆ ಮಾತ್ರ ಪಣಂಬೂರು, ಪಿಲಿಕುಳ, ಕುದ್ರೋಳಿ ಎಂದು ರಿಕ್ಷಾ ಹತ್ತುತ್ತಾರೆ. ಇದು ನನಗೆ ಯಾವತ್ತೂ ಬೇಸರದ ಸಂಗತಿ. ಇಲ್ಲಿನ ಸಿಗ್ನಲ್ಲಿನ ಸುತ್ತ ಒಂದೆರಡು ಗಂಟೆ ಕಾಲಾಡಿಸಿದರೆ ಸಿಗುವ ಮಂಗಳೂರು ಇಡೀ ದಿನ ಕಾರಿನಲ್ಲಿ ತಿರುಗಿದರೂ ಸಿಗುವುದಿಲ್ಲ.

ಹಾಗಾಗಿ ದಾವಣಗೆರೆಯಿಂದ ಅಕ್ಕ-ಭಾವ ಡಿಸೆಂಬರಿನಲ್ಲಿ ಬಂದಾಗ ಮೊದಲ ದಿನ ಕಾರು ಬೇಡ ಅಂದೆ. ಭಾವ ಸ್ವೆಟರ್ ತೊಟ್ಟೇ ರೂಮಿನಿಂದ ಹೊರಟಿದ್ದರು. ಒಂಬತ್ತು ಗಂಟೆಗೆಲ್ಲ ಅದು ಕೈಗೆ ಬಂತು. "ನಿಮ್ಮೂರಾಗ ಚಳಿಗಾಲ ಅಂಬೋದೇ ಇಲ್ಲೇನಪಾ?" ಎಂದರು. "ಉಂಟು ಭಾವ, ಬೆಳಿಗ್ಗೆ ಎಂಟರವರೆಗೆ," ಅಂದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಕೊಡೆಯಿಲ್ಲದೆ, ಕೆಸರಿಲ್ಲದೆ ನಡೆಯಲು ಇದೇ ಕಾಲ.

ಊರಿನ ಹಿರಿಯರು ಹೇಳುವಂತೆ, ಅಪ್ಪಣ್ಣನೆಂಬವನೊಬ್ಬ ಇಲ್ಲಿನ ಮರದ ಕಟ್ಟೆಯಲ್ಲಿ ಕೂತು ದಾರಿಹೋಕರ ಬಾಯಾರಿಕೆ ತಣಿಸುತ್ತಿದ್ದ. ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತಂತೆ. ಇದಕ್ಕೆ ಶಾಸನದ ಆಧಾರವನ್ನೇನೂ ನಾನು ಕೊಡಲಾರೆ. ಆದರೆ 2021ರ ಆರಂಭದಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿಗೆ ರಸ್ತೆ ಅಗೆದಾಗ, ದಿನಾ ಸಾವಿರಾರು ವಾಹನ ಓಡುತ್ತಿದ್ದ ಡಾಮರಿನ ಅಡಿಯಲ್ಲಿ ಕಲ್ಲು ಕಟ್ಟಿದ ದೊಡ್ಡದೊಂದು ಹಳೆ ಬಾವಿ ಕಂಡಿತು. ಎಷ್ಟೋ ಜನ ಕೆಲಸ ಬಿಟ್ಟು ನೋಡಲು ಬಂದರು. ಮುಚ್ಚಬಾರದು ಎಂದು ಊರು ಒತ್ತಾಯಿಸಿತು. ಘಟ್ಟ ಇಳಿದು ಬಂದರಿನ ಕಡೆಗೆ ಸಾಗುವವರಿಗೆ ನೀರು ಸಿಗುತ್ತಿದ್ದ ಜಾಗ ಇದು ಎಂಬ ಮಾತನ್ನು ನಂಬಲು ನನಗೆ ಆ ಬಾವಿ ಸಾಕು.

ದಾರಿಹೋಕರು ಇಂದಿಗೂ ತಪ್ಪಿಲ್ಲ. 1907ರಲ್ಲಿ ರೈಲು ಬಂತು; ಸ್ಟೇಷನ್ನಿನಿಂದ ಇಲ್ಲಿಗೆ ನಡೆದೇ ಬರಬಹುದು. ಬಸ್‌ಸ್ಟ್ಯಾಂಡ್ ಸ್ಟೇಟ್‌ಬ್ಯಾಂಕಿನ ಕಡೆಗೆ ಹೋಗುವ ಮೊದಲು ಇಲ್ಲೇ ಇತ್ತು, ಆ ಜಾಗವನ್ನು ಹಳೆ ಬಸ್‌ಸ್ಟ್ಯಾಂಡ್ ಎಂದೇ ಕರೆಯುತ್ತಾರೆ. ಪಕ್ಕದಲ್ಲಿ 1848ರಲ್ಲಿ ಕಂಪನಿ ಸರಕಾರದ ಕಾಲದಲ್ಲಿ ಶುರುವಾದ ವೆನ್ಲಾಕ್ ಆಸ್ಪತ್ರೆ. ಮುಂದೆ ಮದರಾಸಿನ ಗವರ್ನರ್ ಲಾರ್ಡ್ ವೆನ್ಲಾಕನ ಹೆಸರು ಅದಕ್ಕೆ ಬಂತು. ಕಾಸರಗೋಡು, ಕೊಡಗು, ಚಿಕ್ಕಮಗಳೂರುಗಳಿಂದ ಜನ ಈಗಲೂ ಇಲ್ಲಿಗೇ ಬರುತ್ತಾರೆ. ನಿಜ ಹೇಳಬೇಕೆಂದರೆ, ಹಂಪನಕಟ್ಟೆಗೆ ಬಂದು ಹೋಗುವ ಹೊರಗಿನವರಲ್ಲಿ ಊರು ನೋಡಲು ಬಂದವರು ಕೆಲವರೇ. ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದು, ಗಂಜಿ ಸಿಗುವ ಹೋಟೆಲು ಯಾವುದೆಂದು ಕೇಳುವವರು ತುಂಬಾ ಮಂದಿ. ಅವರಿಗೆ ದಾರಿ ತೋರಿಸುವ ರಿಕ್ಷಾದವರನ್ನು ನೋಡಿದಾಗಲೆಲ್ಲ ಅಪ್ಪಣ್ಣನ ಕತೆ ಸುಳ್ಳಿರಲಾರದು ಅನಿಸುತ್ತದೆ.

ನಾವು ಮಿಲಾಗ್ರಿಸ್ ಚರ್ಚಿಗೆ ಹೋದೆವು. 1680ರಲ್ಲಿ ಬಿಷಪ್ ತೋಮಸ್ ದೆ ಕ್ಯಾಸ್ಟ್ರೊ ಕಟ್ಟಿಸಿದ್ದು. 1784ರಲ್ಲಿ, ಟಿಪ್ಪು ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ, ನೆಲಸಮವಾಯಿತು. ಉಳಿದು ಮರಳಿದವರು ಮತ್ತೆ ಕಟ್ಟಿದರು. ಕ್ರಿಸ್ಮಸ್ ಹತ್ತಿರವಾಗಿದ್ದರಿಂದ ಗೋದಲಿ ಏಳುತ್ತಿತ್ತು, ಬೇಕರಿಗಳಲ್ಲಿ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಪೊಟ್ಟಣಗಳು ಬಂದಿದ್ದವು. ಅದರಲ್ಲಿನ ನೆವ್ರ್ಯೊ ಕಚ್ಚಿದ ಅಕ್ಕ, "ಇದು ನಮ್ಮ ಕರಿಗಡುಬೇ ಅಲ್ಲವಾ!" ಅಂದಳು.

ಅಲ್ಲಿಂದ 1868ರಲ್ಲಿ ಹುಟ್ಟಿದ ಹಳೆಯ ಗವರ್ನಮೆಂಟ್ ಕಾಲೇಜು, ಈಗಿನ ವಿಶ್ವವಿದ್ಯಾನಿಲಯ ಕಾಲೇಜು. ಒಳಗಿನ ಹಳೆಯ ಕಟ್ಟಡಕ್ಕೆ ಠಾಕೂರರ ನೆನಪಿನಲ್ಲಿ ರವೀಂದ್ರ ಕಲಾಭವನವೆಂದು ಹೆಸರು. ಮೈದಾನದ ಕಡೆ ಇರುವ ಪುರಭವನ ಕುದ್ಮುಲ್ ರಂಗರಾಯರ ಹೆಸರಿನದು. ಮೇಲ್ಜಾತಿಯಲ್ಲಿ ಹುಟ್ಟಿದ ಈ ವಕೀಲರು 1897ರಲ್ಲಿ ದಲಿತರ ಶಿಕ್ಷಣಕ್ಕೆಂದು ಸಂಸ್ಥೆ ಕಟ್ಟಿ, ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಉಂಡವರು. ಮಾಲುಗಳ, ಬಟ್ಟೆಯಂಗಡಿಗಳ ಕೆ.ಎಸ್. ರಾವ್ ರಸ್ತೆಯಾದರೋ ಕಾರ್ನಾಡು ಸದಾಶಿವರಾಯರದು: ಸಿರಿವಂತರಾಗಿ ಹುಟ್ಟಿ, ಇದ್ದುದನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೆ ಸುರಿದು, 1937ರಲ್ಲಿ ಬಡವರಾಗಿ ತೀರಿಕೊಂಡವರು. ಅಲ್ಲಿ ಸೀರೆ ಕೊಳ್ಳುವ ಎಳೆಯರಿಗೆ ಈ ಹೆಸರು ಯಾರದೆಂದು ಯಾರಾದರೂ ಹೇಳಬೇಕು. ಕಾಲೇಜುಗಳಿಂದ ತುಂಬಿದ ಈ ಊರಿನಲ್ಲಿ ಅದು ಕಷ್ಟದ ಕೆಲಸವಲ್ಲ.

ಮಧ್ಯಾಹ್ನದ ಬಿಸಿಲಿಗೆ ಮಾರ್ಕೆಟ್ ರೋಡಿನ ಐಡಿಯಲ್. 1975ರಲ್ಲಿ ಪ್ರಭಾಕರ ಕಾಮತರು ಶುರುಮಾಡಿದ ಈ ಐಸ್‌ಕ್ರೀಮ್ ಪಾರ್ಲರು ಕರಾವಳಿಯ ಎಷ್ಟೋ ಹೊಸ ಜೋಡಿಗಳ ಮೊದಲ ಪೇಟೆ ಸುತ್ತಾಟದ ಭಾಗ. ಉದ್ದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಬಣ್ಣಬಣ್ಣದ ಐಸ್‌ಕ್ರೀಮು ಒಂದರ ಮೇಲೊಂದು ಬಿದ್ದ ಗಡ್‌ಬಡ್ ಇಬ್ಬರ ಮುಂದೆಯೂ ಬಂತು. ಭಾವ ಮಾತು ನಿಲ್ಲಿಸಿ ತಿಂದರು.

ಸಂಜೆ ಬಾವುಟಗುಡ್ಡೆ ಹತ್ತಿದೆವು. ಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಚಾಪೆಲ್ ನೋಡಲು ನಿಧಾನ ಬೇಕು. ಇಟಲಿಯಿಂದ ಬಂದ ಜೆಸ್ವಿಟ್ ಅಂತೋನಿಯೊ ಮೊಸ್ಕೆನಿ ಗೋಡೆಗೆ ಹಸಿ ಗಾರೆಯ ಮೇಲೆ, ಉಳಿದೆಡೆ ಕ್ಯಾನ್‌ವಾಸಿನ ಮೇಲೆ ಬರೆದ ಚಿತ್ರಗಳು ಸೂರಿನವರೆಗೂ ತುಂಬಿವೆ. ಗಾರೆ ಒಣಗುವ ಮೊದಲೇ ಕುಂಚ ಓಡಬೇಕು, ತಿದ್ದಲು ಅವಕಾಶವಿಲ್ಲ. ನಮ್ಮ ಕರಾವಳಿಯ ತೇವದಲ್ಲಿ ಅವು ಇಷ್ಟು ಕಾಲ ನಿಂತದ್ದೇ ದೊಡ್ಡದು. ಹಿಂದೆ ಕಷ್ಟಪಟ್ಟು ದುರಸ್ತಿಯನ್ನೂ ಮಾಡಿದ್ದಾರೆ. ಬಣ್ಣ ಹಚ್ಚಿದವನು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಅಕ್ಕ ಕತ್ತೆತ್ತಿ ನೋಡಿ ನೋಡಿ ಕೊನೆಗೆ ಬೆಂಚಿನಲ್ಲಿ ಕೂತೇಬಿಟ್ಟಳು.

ಗುಡ್ಡೆಗೆ ಆ ಹೆಸರು ತಂದ ಸಂಗತಿ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. 1857ಕ್ಕೂ ಇಪ್ಪತ್ತು ವರ್ಷ ಮೊದಲು, 1837ರ ಏಪ್ರಿಲ್ 5ರಂದು, ಸುಳ್ಯ ಸೀಮೆಯಿಂದ ದಂಡೆತ್ತಿ ಬಂದ ರೈತರು ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಇಲ್ಲಿ ಹಾರಿಸಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಮುಂದೆ ನಡೆದದ್ದು ಗಲ್ಲು, ಗಡೀಪಾರು. ಅವರ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ನಿಂತಿತು. ಭಾವ ಅದರ ಕೆಳಗಿನ ಬರಹವನ್ನು ಪೂರ್ತಿ ಓದಿ, "ಇದನ್ನ ನಮಗ ಸಾಲ್ಯಾಗ ಕಲಿಸಲಿಲ್ಲ ನೋಡು," ಎಂದು ಬೇಜಾರು ಮಾಡಿಕೊಂಡರು.

ಇಳಿದು ಬರುವಾಗ ಅಕ್ಕನಿಗೆ ಶಂಕರಪುರ ಮಲ್ಲಿಗೆ ಬೇಕಾಯಿತು. ಇಲ್ಲಿ ಅದನ್ನು ಚೆಂಡಿನ ಲೆಕ್ಕದಲ್ಲಿ ಕೊಡುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಚಳಿಗೆ ಮೊಗ್ಗು ಕಡಿಮೆ, ಹಾಗಾಗಿ ದರ ಏರಿತ್ತು. ಚೌಕಾಸಿ ಮಾಡದೆ ಭಾವ ಒಂದು ಚೆಂಡು ಕಟ್ಟಿಸಿದರು, ಮರುದಿನವೂ ಕಾರು ಬೇಡವೆಂದು ಅವರೇ ಹೇಳಿದರು.